ಸುತ್ತು ಮತ್ತು ಗಂಟು: ತಂತಿ, ಬಿರಡೆ ಹಾಗೂ ನಾಥಪಂಥದ ಬಂಧವಿಚಾರ

ಭಾರತೀಯ ದರ್ಶನಗಳ ಪರಿಭಾಷೆಯಲ್ಲಿ ‘ಬಂಧ’ ಎಂಬುದು ಸಾಮಾನ್ಯವಾಗಿ ಕಳಚಿಕೊಳ್ಳಬೇಕಾದ ಸ್ಥಿತಿಯ ಹೆಸರು. ಜೀವನು ಕರ್ಮದಿಂದಲೋ ಅವಿದ್ಯೆಯಿಂದಲೋ ಮಲತ್ರಯದಿಂದಲೋ ಕಟ್ಟುಬಿದ್ದಿದ್ದಾನೆ, ಆ ಕಟ್ಟು ಹರಿದಾಗ ದೊರೆಯುವುದೇ ಮೋಕ್ಷ ಎಂಬ ಮಾತಿನಲ್ಲಿ ಉಳಿದೆಲ್ಲದರಲ್ಲಿ ವಾದಕ್ಕೆ ನಿಲ್ಲುವ ಮತಗಳೂ ಹೆಚ್ಚುಕಡಿಮೆ ಒಂದಾಗುತ್ತವೆ. ಶೈವಾಗಮಗಳು ಜೀವನನ್ನು ‘ಪಶು’ವೆಂದೂ, ಅವನನ್ನು ಕಟ್ಟಿಹಾಕಿದ ಹಗ್ಗವನ್ನು ‘ಪಾಶ’ವೆಂದೂ, ಹಗ್ಗ ಬಿಚ್ಚಬಲ್ಲ ಒಡೆಯನನ್ನು ‘ಪತಿ’ಯೆಂದೂ ಕರೆದು, ದನದ ಕೊಟ್ಟಿಗೆಯ ಒಂದು ಚಿತ್ರದಲ್ಲೇ ಇಡೀ ತತ್ತ್ವವನ್ನು ಹೇಳಿ ಮುಗಿಸುತ್ತವೆ. ಆದರೆ ಅದೇ ಶೈವ ಪರಂಪರೆಗೆ ಸೇರಿದ ನಾಥಪಂಥದ ಹಠಯೋಗದಲ್ಲಿ ‘ಬಂಧ’ ಎಂಬ ಪದ ಬಿಡುಗಡೆಯ ಉಪಾಯದ ಹೆಸರಾಗಿ ಬಳಕೆಯಾಗುತ್ತದೆ. ಗುದಪ್ರದೇಶವನ್ನು ಸಂಕೋಚಗೊಳಿಸುವ ಮೂಲಬಂಧ, ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಸೆಳೆಯುವ ಉಡ್ಡಿಯಾನಬಂಧ, ಗದ್ದವನ್ನು ಎದೆಗೊತ್ತಿ ಕೊರಳನ್ನು ಬಿಗಿಯುವ ಜಾಲಂಧರಬಂಧ ಎಂಬ ಮೂರು ಕಟ್ಟುಗಳನ್ನು ಯೋಗಿಯು ತಾನಾಗಿ ತನ್ನ ದೇಹಕ್ಕೆ ಹಾಕಿಕೊಳ್ಳುತ್ತಾನೆ. ಬಿಡಿಸಿಕೊಳ್ಳಬೇಕಾದುದು ಬಂಧವಾಗಿರುವಾಗ, ಬಿಡಿಸಿಕೊಳ್ಳುವ ದಾರಿಯೂ ಬಂಧವೇ ಆಗುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಈ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರ ಹುಡುಕಬಹುದಾದಂತೆಯೇ, ನಾಥಜೋಗಿಗಳು ಹೆಗಲಲ್ಲಿ ಹೊತ್ತು ತಿರುಗಿದ ತಂತಿವಾದ್ಯದಲ್ಲಿ, ಅದರಲ್ಲೂ ಹೊಸ ತಂತಿಯನ್ನು ಬಿರಡೆಗೆ ಸುತ್ತುವ ಕೈಗೆಲಸದಲ್ಲಿ, ಹುಡುಕುವುದಕ್ಕೂ ಅವಕಾಶವಿದೆ.

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಕನ್ನಡ ನಾಡಿನಲ್ಲಿ ನಾಥಪರಂಪರೆಯ ಪ್ರಮುಖ ನೆಲೆಗಳಲ್ಲೊಂದು. ಗಂಗಾಧರೇಶ್ವರ ಮತ್ತು ಕಾಲಭೈರವೇಶ್ವರರ ಸನ್ನಿಧಿ, ಬಿಂದುಸರೋವರ, ಪೀಠಾಧಿಪತಿಗಳು ಕುಳಿತುಕೊಳ್ಳುವ ಜ್ವಾಲಾಪೀಠ, ಬೆಟ್ಟದ ನೆತ್ತಿಯ ಗಳಿಗಲ್ಲು, ಸುತ್ತಲಿನ ಕುರುಚಲು ಕಾಡಿನ ನವಿಲುಗಳು, ಇವೆಲ್ಲ ಸೇರಿ ಆ ಕ್ಷೇತ್ರದ ರೂಪ. ಪೀಠದ 71ನೆಯ ಗುರುಗಳೆಂದು ಗಣಿತರಾದ ಬಾಲಗಂಗಾಧರನಾಥ ಸ್ವಾಮೀಜಿಯವರು 1974ರಿಂದ 2013ರವರೆಗೆ ಅಲ್ಲಿದ್ದು, ಗುಹೆ ಮತ್ತು ಧುನಿಯೆಂಬ ಅಗ್ನಿಕುಂಡಗಳ ಸುತ್ತ ಬೆಳೆದಿದ್ದ ಸಂಸ್ಥಾನಕ್ಕೆ ಶಾಲೆ, ಕಾಲೇಜು, ಆಸ್ಪತ್ರೆಗಳ ಹೊಸ ಮುಖವನ್ನು ಕೊಟ್ಟರೆಂಬುದು ನಾಡಿಗೆ ತಿಳಿದ ಸಂಗತಿ. ಆದರೆ ಈ ಚರ್ಚೆಗೆ ಬೇಕಾದುದು ಮಠದ ಚರಿತ್ರೆಗಿಂತ, ಅದರ ಸುತ್ತಲ ಹಳ್ಳಿಗಳಲ್ಲಿ ಭೈರವನ ಒಕ್ಕಲಾಗಿ ನಡೆದುಕೊಂಡು ಬಂದ ಬೇಸಾಯಗಾರರ ಒಂದು ಪದ್ಧತಿ. ಈ ಮನೆತನಗಳಲ್ಲಿ ಒಬ್ಬನು ಜೋಗಿಯ ದೀಕ್ಷೆ ಪಡೆದು, ಹಬ್ಬಹರಿದಿನಗಳಲ್ಲಿ ಕಪ್ಪರವೆಂಬ ಭಿಕ್ಷಾಪಾತ್ರೆ ಹಿಡಿದು, ನಾಥರ ಗುರುತಾದ ‘ಸಿಂಗನಾದ’ ಎಂಬ ಕಿರುಕೊಂಬನ್ನು ಕೊರಳಿಗೆ ಹಾಕಿಕೊಂಡು, ಕೆಲವು ಮನೆಗಳ ಮುಂದೆ ಭಿಕ್ಷೆ ಬೇಡಿ, ಮರುದಿನ ಎಂದಿನಂತೆ ಆರು ಕಟ್ಟುತ್ತಾನೆ. ಸಂನ್ಯಾಸ ಮತ್ತು ಸಂಸಾರಗಳೆರಡನ್ನೂ ಒಂದೇ ಹೆಗಲು ಸರದಿಯಲ್ಲಿ ಹೊರುವ ಈ ಏರ್ಪಾಡಿನಲ್ಲಿ ಕಟ್ಟು ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲುತ್ತದೆ. ಅದನ್ನು ಅರೆಮನಸ್ಸಿನ ವೈರಾಗ್ಯವೆಂದು ತಳ್ಳಿಹಾಕುವುದು ಸುಲಭವಾದರೂ, ಹಾಗೆ ತಳ್ಳಿಹಾಕುವವರು ತಂತಿವಾದ್ಯವೊಂದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಗಮನಿಸಿರಲಾರರು.

ನಾಥಜೋಗಿಗಳ ಜೊತೆಗೆ ಕನ್ನಡದ ನೆನಪಿನಲ್ಲಿ ಬೆರೆತುಹೋಗಿರುವ ವಾದ್ಯ ಕಿನ್ನರಿ. ಜನರ ನಾಲಿಗೆಯಲ್ಲಿ ಅದು ಕಿಂದರಿ. ಬಿದಿರಿನ ಅಥವಾ ಮರದ ದಂಡಿಗೆ, ಅದರ ಕೆಳಗೆ ಎರಡೋ ಮೂರೋ ಸೋರೆಬುರುಡೆಗಳು, ಮೇಲೆ ಮೆಟ್ಟಿಲುಗಳು, ಅವುಗಳ ಮೇಲೆ ಎಳೆದು ಕಟ್ಟಿದ ತಂತಿಗಳು: ಇಷ್ಟೇ ಅದರ ಸಾಮಗ್ರಿ. 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ವು ಕಿನ್ನರಿಯ ಬಗೆಗಳನ್ನು ವಿವರಿಸುತ್ತದೆ. 12ನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬವನಿಗೆ ಆ ಹೆಸರು ಬಂದುದೇ ಈ ವಾದ್ಯದ ಕಾಯಕದಿಂದ. ಬ್ರೌನಿಂಗನ ಆಂಗ್ಲ ಕವಿತೆಯೊಂದನ್ನು ಕುವೆಂಪು ಕನ್ನಡದ ಮಕ್ಕಳಿಗಾಗಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಮಾರ್ಪಡಿಸಿದಾಗ ಮೂಲದ ಕೊಳಲು ಕಿಂದರಿಯಾಯಿತು, ಊರೂರು ಅಲೆಯುವ, ಮಂತ್ರಶಕ್ತಿಯುಳ್ಳ ಆಗಂತುಕನೆಂದೊಡನೆ ಹಳೆಯ ಮೈಸೂರು ಸೀಮೆಯ ಮನಸ್ಸಿಗೆ ತಂತಿ ಹಿಡಿದ ಜೋಗಿಯೇ ಹೊಳೆಯುತ್ತಿದ್ದನೆಂಬುದಕ್ಕೆ ಇದು ಸಾಕ್ಷಿ. ಇದೇ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ ಇದೆ, ತತ್ತ್ವಪದ ಹಾಡುವವರ ಕೈಯಲ್ಲಿ ಏಕತಾರಿ ಇದೆ. ಪಂಥ ಬೇರೆಯಾದರೂ, ಹಾಡು ಬೇರೆಯಾದರೂ, ತಂತಿಯನ್ನು ಬಿರಡೆಗೆ ಸುತ್ತುವ ಕೆಲಸ ಎಲ್ಲರಿಗೂ ಒಂದೇ.

ಆ ಕೆಲಸದ ಕ್ರಮವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಬಿರಡೆಯೆಂದರೆ ದಂಡಿಗೆಯ ತಲೆಯ ಕಡೆ ರಂಧ್ರದಲ್ಲಿ ಕೂರಿಸಿದ, ತುದಿಯತ್ತ ಸಣ್ಣಗಾಗುತ್ತ ಹೋಗುವ ಮರದ ಗೂಟ. ತಂಬೂರಿ, ವೀಣೆಗಳಲ್ಲಿ ತಂತಿಯ ಒಂದು ತುದಿಯನ್ನು ವಾದ್ಯದ ಬುಡದಲ್ಲಿ ಸಿಕ್ಕಿಸುತ್ತಾರೆ. ವೀಣೆಯಲ್ಲಿ ಆ ಬುಡದ ಕಟ್ಟಿಗೆ ‘ನಾಗಪಾಶ’ವೆಂಬ ಹೆಸರಿರುವುದು, ಶೈವರ ಪಾಶವು ವಾದ್ಯದ ಅಂಗವಾಗಿ ಬಂದು ಕುಳಿತಂತಿದೆ. ಅಲ್ಲಿಂದ ತಂತಿಯು ‘ಕುದುರೆ’ ಎಂಬ ಸೇತುವೆಯನ್ನೂ, ದಂಡಿಗೆಯ ತಲೆಭಾಗದ ‘ಮೇರು’ ಎಂಬ ತಡೆಯನ್ನೂ ಹತ್ತಿಳಿದು ಬಿರಡೆಯನ್ನು ತಲಪುತ್ತದೆ. ಅದರ ತುದಿಯನ್ನು ಬಿರಡೆಯ ಸಣ್ಣ ತೂತಿನಲ್ಲಿ ತೂರಿಸಿ, ಮೊದಲ ಸುತ್ತು ಆ ತುದಿಯನ್ನೇ ಅದುಮಿ ಹಿಡಿಯುವಂತೆ ಹಾಯಿಸಿ, ಮುಂದಿನ ಸುತ್ತುಗಳು ಒಂದರ ಮೇಲೊಂದು ಏರದಂತೆ ಪಕ್ಕಪಕ್ಕದಲ್ಲಿ ಕೂರಿಸುತ್ತಾರೆ. ಸುತ್ತುಗಳು ಬಿರಡೆಯ ದಪ್ಪ ಭಾಗದ ಕಡೆಗೆ ಸಾಗಿದರೆ ತಂತಿಯ ಎಳೆತವು ಬಿರಡೆಯನ್ನು ರಂಧ್ರದೊಳಕ್ಕೇ ಸೆಳೆದು ಭದ್ರಪಡಿಸುತ್ತದೆ. ದಿಕ್ಕು ತಪ್ಪಿದರೆ ಅದೇ ಎಳೆತ ಬಿರಡೆಯನ್ನು ಹೊರಕ್ಕೆ ನೂಕುತ್ತದೆ. ತಿರುಗಿಸುವಾಗ ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಬೇಕೆಂಬುದೂ, ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿ ಸವರಬೇಕೆಂಬುದೂ ಈ ಕೆಲಸ ಬಲ್ಲವರಿಗೆಲ್ಲ ಗೊತ್ತು.

ಇಂದು ಕರ್ನಾಟಕದ ಪಟ್ಟಣಗಳ ವಾದ್ಯಗೋಷ್ಠಿಗಳಲ್ಲಿ ಕೇಳಿಬರುವ ಬೇಸ್ ಗಿಟಾರ್ ಎಂಬ ಮಂದ್ರಸ್ವರದ ವಾದ್ಯದಲ್ಲಿ ಈ ಕ್ರಮವು ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ರೂಢಿಗೆ ಬಂದ ಈ ವಾದ್ಯದ ನಾಲ್ಕು ತಂತಿಗಳು ಮೇರುವಿನಿಂದ ಕುದುರೆಯವರೆಗೆ ಸುಮಾರು 86 ಸೆಂಟಿಮೀಟರ್ ಉದ್ದವಿದ್ದು, ಒಂದೊಂದೂ 20 ಕಿಲೋದ ಆಸುಪಾಸಿನ ಎಳೆತದಲ್ಲಿ ನಿಂತಿರುತ್ತವೆ. ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಬಿರಡೆ ನಡುವೆ ಸೀಳಿದ ಲೋಹದ ಕಂಬ. ಹೊಸ ತಂತಿಯನ್ನು ಕಂಬದಿಂದಾಚೆಗೆ ಸುಮಾರು 10ರಿಂದ 12 ಸೆಂಟಿಮೀಟರ್ ಉಳಿಯುವಂತೆ ಅಳೆದು, ಕತ್ತರಿಸುವ ಮೊದಲೇ ಅಲ್ಲಿ ಮಡಿಚಿ, ಅನಂತರ ಕತ್ತರಿಸಿ, ತುದಿಯನ್ನು ಕಂಬದ ನಡುಗುಳಿಗೆ ಇಳಿಸಿ, ಎರಡು ಮೂರು ಸುತ್ತು ಮೇಲಿನಿಂದ ಕೆಳಕ್ಕೆ ಒಂದರ ಕೆಳಗೊಂದು ಬರುವಂತೆ ಸುತ್ತಬೇಕು. ಮಡಿಚದೆ ಕತ್ತರಿಸಿದರೆ ನಡುವಿನ ಎಳೆಯ ಮೇಲೆ ಹೊದಿಸಿದ ಹೊರಸುರುಳಿ ಬಿಚ್ಚಿಕೊಂಡು ತಂತಿಯ ನಾದವೇ ಸತ್ತುಹೋಗುವ ಅಪಾಯವಿದೆ. ಸುತ್ತು ಕೆಳಕ್ಕೆ ಇಳಿಯುವುದರಿಂದ ತಂತಿಯು ಮೇರುವಿನ ಮೇಲೆ ಗಟ್ಟಿಯಾಗಿ ಒತ್ತಿ ಕೂರುತ್ತದೆ. ಮೇಲೇರಿದರೆ ಹಗುರವಾಗಿ ಕೂತು ಕರಕರ ಎನ್ನುತ್ತದೆ. ಕಿಂದರಿಗೂ ಇದಕ್ಕೂ ನಡುವೆ ಶತಮಾನಗಳ ಅಂತರವಿದ್ದರೂ, ಎರಡೂ ಕಡೆ ಒಂದು ಅಂಶ ಸಮಾನವಾಗಿದೆ: ಬಿರಡೆಯ ಬಳಿ ಗಂಟು ಹಾಕುವುದಿಲ್ಲ, ಸುತ್ತಿ ಬಿಡುತ್ತಾರೆ.

ಗಂಟಿಲ್ಲದ ಸುತ್ತು ಅಷ್ಟು ಭಾರದ ಎಳೆತವನ್ನು ತಡೆಯುವುದು ಹೇಗೆಂಬುದಕ್ಕೆ ಭೌತಶಾಸ್ತ್ರ ಕೊಡುವ ವಿವರಣೆ ತತ್ತ್ವಚಿಂತಕನಿಗೂ ಉಪಯುಕ್ತ. ಕಂಬವೊಂದಕ್ಕೆ ಸುತ್ತಿದ ಹಗ್ಗದ ಹಿಡಿತವು ಘರ್ಷಣೆಯಿಂದ, ಅಂದರೆ ಎರಡು ಮೈಗಳ ಉಜ್ಜಾಟದಿಂದ, ಹುಟ್ಟುತ್ತದೆ. 18ನೆಯ ಶತಮಾನದಲ್ಲಿ ಆಯ್ಲರನು ಗಣಿತಕ್ಕೆ ಅಳವಡಿಸಿದ ನಿಯಮದ ಪ್ರಕಾರ, ಸುತ್ತು ಹೆಚ್ಚಿದಂತೆ ಹಿಡಿತವು ಕೂಡುತ್ತ ಹೋಗುವುದಲ್ಲದೆ ಗುಣಿಸುತ್ತ ಹೋಗುತ್ತದೆ. ಘರ್ಷಣೆಯ ಪ್ರಮಾಣವನ್ನು 0.2 ಎಂದು ಹಿಡಿದರೆ ಒಂದು ಸುತ್ತು ಎಳೆತವನ್ನು ಸುಮಾರು ಮೂರೂವರೆಯಲ್ಲಿ ಒಂದು ಪಾಲಿಗೆ, ಎರಡು ಸುತ್ತು ಹನ್ನೆರಡರಲ್ಲಿ ಒಂದು ಪಾಲಿಗೆ, ಮೂರು ಸುತ್ತು ನಲವತ್ತಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತವೆ. 20 ಕಿಲೋ ಎಳೆಯುವ ತಂತಿಯ ತುದಿಯು ಮೂರು ಸುತ್ತಿನಾಚೆ ಅರ್ಧ ಕಿಲೋಗಿಂತ ಕಡಿಮೆ ಬಲಕ್ಕೇ ನಿಲ್ಲುತ್ತದೆ. ಹಾಗೆಂದು ಹತ್ತು ಸುತ್ತು ಸುತ್ತಿದರೆ ಇನ್ನೂ ಭದ್ರವಾದೀತೆಂದು ಊಹಿಸುವುದು ತಪ್ಪು. ಅಗತ್ಯಕ್ಕಿಂತ ಹೆಚ್ಚಿನ ಸುತ್ತುಗಳಲ್ಲಿ ಬಿಗಿಯಾಗದೆ ಉಳಿದ ಸಡಿಲು ಅವಿತುಕೊಂಡಿದ್ದು, ನುಡಿಸಿದಂತೆಲ್ಲ ಅದು ಸ್ವಲ್ಪಸ್ವಲ್ಪವೇ ಹೊರಬಂದು ಶ್ರುತಿಯನ್ನು ಇಳಿಸುತ್ತಿರುತ್ತದೆ. ವ್ರತ, ನೇಮ, ಮಡಿ, ಜಪಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗುವ ಸಾಧಕನ ಅಸ್ಥಿರತೆಗೆ ಇದಕ್ಕಿಂತ ನಿಖರವಾದ ಚಿತ್ರ ಸಿಗುವುದು ಕಷ್ಟ.

ಸುತ್ತಿಗೂ ಗಂಟಿಗೂ ಇರುವ ಈ ವ್ಯತ್ಯಾಸವೇ ಆರಂಭದ ಪ್ರಶ್ನೆಗೆ ಬಾಗಿಲು. ಕನ್ನಡದಲ್ಲಿ ಬಿಡಿಸಲಾಗದ ಸಮಸ್ಯೆಗೆ ‘ಕಗ್ಗಂಟು’ ಎನ್ನುತ್ತಾರೆ, ಮುರಿಯಲಾಗದ ನಂಟಿಗೆ ‘ಬ್ರಹ್ಮಗಂಟು’ ಎನ್ನುತ್ತಾರೆ. ಎರಡೂ ಕಡೆ ಗಂಟಿನ ಲಕ್ಷಣವೆಂದರೆ ಅದು ಎಳೆದಷ್ಟೂ ಬಿಗಿಯುತ್ತದೆ, ಹಿಂದಿರುಗುವುದಿಲ್ಲ. ಸುತ್ತು ಹಾಗಲ್ಲ; ಅದು ಎಷ್ಟು ಭದ್ರವೋ ಅಷ್ಟೇ ಹೊಂದಿಕೊಳ್ಳಬಲ್ಲದ್ದು, ಬಿರಡೆ ಕೂದಲೆಳೆಯಷ್ಟು ತಿರುಗಿದರೂ ಅದಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ನಾಥಯೋಗದ ಪರಿಭಾಷೆಯೂ ಈ ಎರಡನ್ನು ಎರಡು ಹೆಸರುಗಳಿಂದ ಬೇರ್ಪಡಿಸಿದೆ. 15ನೆಯ ಶತಮಾನದ ಸುಮಾರಿಗೆ ಸ್ವಾತ್ಮಾರಾಮನು ರಚಿಸಿದ ‘ಹಠಯೋಗಪ್ರದೀಪಿಕಾ’ ಆದಿನಾಥ, ಮತ್ಸ್ಯೇಂದ್ರ, ಗೋರಕ್ಷರಿಂದ ಮೊದಲ್ಗೊಂಡು ಸಿದ್ಧರ ಪರಂಪರೆಯನ್ನು ನೆನೆದು, ಮೂರನೆಯ ಅಧ್ಯಾಯದಲ್ಲಿ ಬಂಧಗಳನ್ನೂ ನಾಲ್ಕನೆಯದರಲ್ಲಿ ನಾದಾನುಸಂಧಾನವನ್ನೂ, ಅಂದರೆ ಒಳಗಿನ ನಾದಕ್ಕೆ ಕಿವಿಗೊಟ್ಟು ಮನಸ್ಸನ್ನು ಲಯಗೊಳಿಸುವ ಸಾಧನೆಯನ್ನೂ ವಿವರಿಸುತ್ತದೆ. ಅಲ್ಲಿ ಭೇದಿಸಬೇಕಾದವು ‘ಗ್ರಂಥಿ’ಗಳು: ಬ್ರಹ್ಮಗ್ರಂಥಿ, ವಿಷ್ಣುಗ್ರಂಥಿ, ರುದ್ರಗ್ರಂಥಿ ಎಂಬ ಮೂರು ಗಂಟುಗಳು. ಹಾಕಿಕೊಳ್ಳಬೇಕಾದವು ‘ಬಂಧ’ಗಳು. ಗ್ರಂಥಿಯನ್ನು ಯಾರೂ ಬೇಕೆಂದು ಹಾಕಿಕೊಂಡಿಲ್ಲ, ಅದು ತಾನಾಗಿ ಬಿದ್ದದ್ದು. ಬಂಧವನ್ನು ಯೋಗಿ ಗುರುವಿನಿಂದ ಕಲಿತು, ಉಸಿರಿನ ನಿರ್ದಿಷ್ಟ ಗಳಿಗೆಯಲ್ಲಿ ಹಾಕಿ, ನಿರ್ದಿಷ್ಟ ಗಳಿಗೆಯಲ್ಲಿ ಬಿಡುತ್ತಾನೆ. ಬಿಡಲು ಬಾರದ ಬಂಧ ಯೋಗವಲ್ಲ, ರೋಗ. ಹಾಗಾಗಿ ಪಾಶ, ಬಂಧ, ಗ್ರಂಥಿ ಎಂಬ ಮೂರನ್ನೂ ‘ಕಟ್ಟು’ ಎಂಬ ಒಂದೇ ಮಾತಿನಲ್ಲಿ ಸೇರಿಸಿ ನೋಡಿದಾಗ ಮಾತ್ರ ಆರಂಭದ ವಿರೋಧಾಭಾಸ ಕಾಣಿಸುತ್ತದೆ. ಬಿಡಿಸಿ ನೋಡಿದರೆ, ಗಂಟನ್ನು ಕಳೆಯಲು ಸುತ್ತನ್ನು ಬಳಸುವ ಉಪಾಯವೇ ಹಠಯೋಗವೆಂದು ತಿಳಿಯುತ್ತದೆ. ಭಾಷೆಯೂ ಇದನ್ನು ಬಲ್ಲದು: ‘ತಂತಿ’ಯ ಮೂಲವಾದ ‘ತಂತ್ರೀ’, ನೂಲಿನ ‘ತಂತು’, ಸಾಧನಾಮಾರ್ಗದ ‘ತಂತ್ರ’, ಗುರುಶಿಷ್ಯರ ‘ಸಂತತಿ’, ಇವೆಲ್ಲವೂ ಎಳೆ, ಹರಡು ಎಂಬರ್ಥದ ‘ತನ್’ ಎಂಬ ಒಂದೇ ಧಾತುವಿನಿಂದ ಬಂದವು, ‘ಗುಣ’ವೆಂಬ ಪದಕ್ಕೆ ಸ್ವಭಾವವೆಂಬ ಅರ್ಥವಿರುವಂತೆಯೇ ಬಿಲ್ಲಿನ ಹೆದೆ, ಎಳೆ ಎಂಬ ಅರ್ಥವೂ ಇದೆ.

ತಂತಿಯ ಬಿಗಿತವನ್ನು ಸಾಧನೆಗೆ ಹೋಲಿಸಿದ ಪ್ರಸಿದ್ಧ ಕಥೆ ಬೌದ್ಧ ಪಾಲಿ ಸಾಹಿತ್ಯದ್ದು. ಸುಖದಲ್ಲಿ ಬೆಳೆದ ಸೋಣನೆಂಬ ಭಿಕ್ಷು ಪಾದಗಳಿಂದ ರಕ್ತ ಸುರಿಯುವಷ್ಟು ನಡೆದಾಡಿ ಧ್ಯಾನಿಸಿಯೂ ಫಲ ಕಾಣದೆ ಮನೆಗೆ ಮರಳುವ ಯೋಚನೆ ಮಾಡಿದಾಗ, ಅವನು ಹಿಂದೆ ವೀಣೆ ನುಡಿಸುತ್ತಿದ್ದುದನ್ನು ಬುದ್ಧನು ನೆನಪಿಸಿ, ತಂತಿ ಅತಿಯಾಗಿ ಬಿಗಿದಾಗಲೂ ಅತಿಯಾಗಿ ಸಡಿಲಿದಾಗಲೂ ವಾದ್ಯ ನುಡಿಯದೆಂಬುದನ್ನು ಅವನ ಬಾಯಿಂದಲೇ ಹೇಳಿಸುತ್ತಾನೆ. ಈ ಕಥೆಯನ್ನು ಸಾಮಾನ್ಯವಾಗಿ ನಡುದಾರಿಯ ಉಪದೇಶವೆಂದು ಹೇಳಿ ಮುಗಿಸುವುದರಿಂದ, ಬಿಗಿತ ಮತ್ತು ಸಡಿಲಗಳ ನಡುವೆ ಅಳತೆಗೋಲಿಟ್ಟು ಅರ್ಧಕ್ಕೆ ಗೆರೆ ಎಳೆದಂತಹ ಒಂದು ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ತಂತಿಯ ಗಣಿತ ಆ ಚಿತ್ರವನ್ನು ಒಪ್ಪುವುದಿಲ್ಲ. ಫ್ರಾನ್ಸಿನ ಪಾದ್ರಿ ಮೆರ್ಸೆನ್ನನು 1636ರಲ್ಲಿ ಪ್ರಕಟಿಸಿದ ನಿಯಮದಂತೆ ತಂತಿಯ ಕಂಪನವು ಎಳೆತದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಷಡ್ಜದಿಂದ ಪಂಚಮಕ್ಕೆ ಏರಲು ಎಳೆತವನ್ನು ಎರಡೂಕಾಲು ಪಟ್ಟು, ತಾರಷಡ್ಜಕ್ಕೆ ಏರಲು ನಾಲ್ಕು ಪಟ್ಟು ಮಾಡಬೇಕು. ಇದರಲ್ಲಿ ನಡುವೆಂಬ ಒಂದು ಬಿಂದುವಿಲ್ಲ. ತಂಬೂರಿಯ ನಾಲ್ಕು ತಂತಿಗಳಲ್ಲಿ ಪಂಚಮಕ್ಕೆ ಸರಿಯಾದ ಬಿಗಿತ ಮಂದ್ರಕ್ಕೆ ತಪ್ಪು, ಮಂದ್ರದ ಹಿತ್ತಾಳೆಗೆ ಒಗ್ಗುವುದು ಸಾರಣೆಯ ಉಕ್ಕಿಗೆ ಒಗ್ಗದು. ತಂತಿಯ ಸರಿತನವು ಅದರೊಳಗೇ ಇರದೆ, ಅದು ಇನ್ನೊಂದು ತಂತಿಯೊಡನೆ, ಕೊನೆಗೆ ಹಾಡುವವನ ಕೊರಳಿನೊಡನೆ ಹೊಂದುವ ಸಂಬಂಧದಲ್ಲಿ ಇದೆ.

ಇದಕ್ಕೆ ಕನ್ನಡದ ರೈತರ ಬಳಿ ‘ಮಧ್ಯಮ’ಕ್ಕಿಂತ ಒಳ್ಳೆಯ ಪದವಿದೆ: ‘ಹದ’. ಮಂಡ್ಯ ಸೀಮೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಬೆಲ್ಲವಾಗುವ ಗಳಿಗೆಯನ್ನು ಅರಿಯುವುದು ಪಾಕವನ್ನು ಬೆರಳ ತುದಿಯಲ್ಲಿ ಹಿಡಿದು, ಅದು ಎಳೆಯಾಗಿ ಬರುವ ಬಗೆಯನ್ನು ನೋಡಿ. ಹಸಿಗೂ ಸೀಯುವುದಕ್ಕೂ ನಡುವಿನ ಸರಾಸರಿ ತೆಗೆದು ಯಾರೂ ಬೆಲ್ಲ ಮಾಡುವುದಿಲ್ಲ. ಉಳುವ ನೆಲದ ಹದ, ನಾಟಿಯ ಕೆಸರಿನ ಹದ, ಬೆಲ್ಲದ ಹದ ಒಂದೊಂದೂ ಬೇರೆ. ಒಂದೊಂದನ್ನೂ ಮುಟ್ಟಿಯೇ ತಿಳಿಯಬೇಕು. ಹಬ್ಬಕ್ಕೆ ಜೋಗಿಯಾಗಿ ಮರುದಿನ ರೈತನಾಗುವ ಭೈರವನ ಒಕ್ಕಲು ಅರ್ಧ ಸಂನ್ಯಾಸಿಯೂ ಅಲ್ಲ, ಅರ್ಧ ಸಂಸಾರಿಯೂ ಅಲ್ಲ. ಆಯಾ ದಿನಕ್ಕೆ ಬೇಕಾದ ಶ್ರುತಿಗೆ ಬಿರಡೆ ತಿರುಗಿಸಿಕೊಂಡವನು.

ಹೀಗೆ ಹೇಳಿದೊಡನೆ ಬಿರಡೆಯನ್ನು ತಿರುಗಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ‘ಐತರೇಯ ಆರಣ್ಯಕ’ವು ಮನುಷ್ಯದೇಹವನ್ನು ದೈವೀ ವೀಣೆಯೆಂದು ಕರೆದು, ಮರದ ವೀಣೆಯನ್ನು ಅದರ ಅನುಕರಣವೆಂದು ಹೇಳಿ, ತಲೆಗೆ ತಲೆ, ಹೊಟ್ಟೆಗೆ ಪೊಳ್ಳು, ಬೆರಳಿಗೆ ತಂತಿ ಎಂದು ಅಂಗಾಂಗಗಳನ್ನು ಹೊಂದಿಸಿ ತೋರಿಸುತ್ತದೆ. ಬಸವಣ್ಣನವರ ಹೆಸರಾಂತ ವಚನವೊಂದು ದೇಹವನ್ನು ದಂಡಿಗೆಯಾಗಿಯೂ ತಲೆಯನ್ನು ಸೋರೆಯಾಗಿಯೂ ನರಗಳನ್ನು ತಂತಿಯಾಗಿಯೂ ಮಾಡಿಕೊಂಡು ನುಡಿಸೆಂದು ಕೂಡಲಸಂಗಮನನ್ನು ಬೇಡುತ್ತದೆ. ಎರಡರ ನಡುವೆ ದೊಡ್ಡ ಅಂತರವಿದೆ: ಆರಣ್ಯಕದ ವೀಣೆ ಆಗಲೇ ಸಿದ್ಧವಾಗಿದೆ, ವಚನದ ವೀಣೆ ಇನ್ನೂ ಆಗಬೇಕಾಗಿದೆ, ಅದನ್ನು ಮಾಡಬೇಕಾದವನು ಬೇರೊಬ್ಬ. ತಂತಿ ತನ್ನನ್ನು ತಾನೇ ಸುತ್ತಿಕೊಳ್ಳಲಾರದೆಂಬುದು ನಿಜವಾದ್ದರಿಂದ, ನಾಥರು ಗುರುವಿಗೆ ಕೊಟ್ಟ ಸ್ಥಾನಕ್ಕೆ ಈ ರೂಪಕದಲ್ಲಿ ಆಧಾರ ಸಿಗುತ್ತದೆ. ಬೇಸ್ ಗಿಟಾರಿನ ಬಿರಡೆಯಲ್ಲಿರುವ ತಿರುಪಿನ ಹಲ್ಲುಚಕ್ರವು ಈ ಮಾತನ್ನು ಇನ್ನೂ ಮುಂದಕ್ಕೊಯ್ಯುತ್ತದೆ: ಬಿರಡೆಯ ಹಿಡಿಯನ್ನು ತಿರುಗಿಸಿದರೆ ಕಂಬ ತಿರುಗುತ್ತದೆ, ಕಂಬವನ್ನು ಎಷ್ಟು ಎಳೆದರೂ ಹಿಡಿ ತಿರುಗದು, ಶಿಷ್ಯನ ಜಗ್ಗಾಟ ಗುರುವನ್ನು ಕದಲಿಸದೆಂಬುದಕ್ಕೆ ಇದೊಂದು ಯಂತ್ರರೂಪದ ದೃಷ್ಟಾಂತ.

ಆದರೆ ಇಲ್ಲಿಯೇ ಅಪಾಯವೂ ಇದೆ. ತಿರುಗಿಸುವ ಕೈಗೆ ಅಡ್ಡಿಯಿಲ್ಲದಿರುವಾಗ, ತಂತಿ ಹರಿಯುವವರೆಗೂ ತಿರುಗಿಸುವುದನ್ನು ತಡೆಯುವುದು ಯಾವುದು? ವಾದ್ಯದಲ್ಲಿ ಅದನ್ನು ತಡೆಯುವುದು ಕಿವಿ. ಒಂದು ಕೈ ಬಿರಡೆಯಲ್ಲಿದ್ದರೆ ಇನ್ನೊಂದು ಕೈ ತಂತಿಯನ್ನು ಮೀಟುತ್ತಲೇ ಇರಬೇಕು, ಪ್ರತಿ ತಿರುವಿಗೂ ತಂತಿ ಏನೆಂದು ಉತ್ತರಿಸಿತೆಂದು ಕೇಳಬೇಕು. ಮೀಟದೆ ತಿರುಗಿಸುವವನು ಶ್ರುತಿ ಮಾಡುತ್ತಿಲ್ಲ, ಬರೇ ಬಿಗಿಯುತ್ತಿದ್ದಾನೆ. ‘ಶ್ರುತಿ’ ಎಂಬ ಪದಕ್ಕೆ ವೇದವೆಂಬ ಅರ್ಥವೂ ಸ್ವರದ ನೆಲೆಯೆಂಬ ಅರ್ಥವೂ ಇದ್ದು, ಎರಡರ ಮೂಲವೂ ಕೇಳುವಿಕೆಯೇ ಆಗಿರುವುದನ್ನು ಗಮನಿಸಿದರೆ, ಕೇಳದ ಗುರುವಿಗೆ, ಕೇಳದ ಮಠಕ್ಕೆ, ಕೇಳದ ಶಾಸ್ತ್ರಕ್ಕೆ ಬಿಗಿಯುವ ಅಧಿಕಾರವಿಲ್ಲವೆಂದು ಹೇಳುವುದರಲ್ಲಿ ಅತಿಯಿಲ್ಲ. ತಂತಿ ಹರಿದಾಗ ತಪ್ಪು ತಂತಿಯದೆಂದು ಯಾವ ನುರಿತ ವಾದಕನೂ ಮೊದಲು ಹೇಳುವುದಿಲ್ಲ. ಇದಕ್ಕೆ ಪೂರಕವಾಗಿ, ಹೊಸ ತಂತಿ ಮೊದಲ ಕೆಲವು ದಿನ ಹಿಗ್ಗುತ್ತ, ಸುತ್ತುಗಳಲ್ಲಿ ಕೂರುತ್ತ, ಮತ್ತೆಮತ್ತೆ ಶ್ರುತಿ ಇಳಿಸುತ್ತದೆಂಬುದನ್ನೂ ನೆನೆಯಬೇಕು. ಆ ಇಳಿತವು ಅವಿಧೇಯತೆಯಲ್ಲ, ಲೋಹವು ಬಿಗಿತಕ್ಕೆ ಹೊಂದಿಕೊಳ್ಳುವ ರೀತಿ. ಹೊಸ ದೀಕ್ಷಿತನ ತಪ್ಪುಗಳನ್ನು ದ್ರೋಹವೆಂದು ಎಣಿಸುವ ಪಂಥಗಳು ಇಷ್ಟನ್ನಾದರೂ ತಂತಿಯಿಂದ ಕಲಿಯಬಹುದಿತ್ತು.

ಈ ವಿಚಾರಕ್ಕೆ ಎದುರಾಗುವ ಪ್ರಬಲ ಆಕ್ಷೇಪ ಕನ್ನಡದೊಳಗಿಂದಲೇ ಬರುತ್ತದೆ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ನಾಥಸಿದ್ಧನಾದ ಗೋರಕ್ಷನನ್ನು ಭೇಟಿಯಾಗುವ ಪ್ರಸಂಗವಿದೆ. ಯೋಗಬಲದಿಂದ ವಜ್ರಕಾಯವನ್ನು, ಅಂದರೆ ಆಯುಧ ತಾಗದ ದೇಹವನ್ನು, ಪಡೆದ ಗೋರಕ್ಷನ ಮೈಗೆ ಕತ್ತಿಯಿಂದ ಹೊಡೆದಾಗ ಅದು ಖಣಿಲೆಂದು ಸದ್ದು ಮಾಡುತ್ತದೆ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಸದ್ದು ಮಾಡುವುದೆಲ್ಲ ಇನ್ನೂ ಎದುರು ನಿಂತಿದೆ, ಎದುರು ನಿಂತದ್ದೆಲ್ಲ ಇನ್ನೂ ಕಟ್ಟುಬಿದ್ದಿದೆ ಎಂಬುದು ಆ ಪ್ರಸಂಗದ ಇಂಗಿತ. ಬಿಗಿದ ತಂತಿಯೂ ಗೋರಕ್ಷನ ದೇಹದಂತೆಯೇ ಬಿಗಿತದ ಬಲದಿಂದ ನುಡಿಯುವುದರಿಂದ, ಸುತ್ತು ಎಷ್ಟೇ ಹದವಾಗಿದ್ದರೂ ಅದು ಅಂತಿಮ ಬಿಡುಗಡೆಯ ಚಿತ್ರವಾಗದೆಂದು ಅಲ್ಲಮನ ಪಕ್ಷದವರು ಹೇಳಬಹುದು. ನಾಥರೂ ಒಂದರ್ಥದಲ್ಲಿ ಇದನ್ನು ಒಪ್ಪುತ್ತಾರೆ: ಅವರು ಅರಸುವ ‘ಅನಾಹತ’ ನಾದವೆಂದರೆ ಏಟಿಲ್ಲದೆ ಹುಟ್ಟಿದ ನಾದ, ಪ್ರದೀಪಿಕೆಯು ಸಾಧಕನಿಗೆ ಕೇಳುವ ಒಳದನಿಗಳ ಸಾಲಿನಲ್ಲಿ ಮೊದಲು ಕಡಲು, ಮೋಡ, ಭೇರಿಗಳನ್ನೂ ಕೊನೆಗೆ ಕಿಂಕಿಣಿ, ಕೊಳಲು, ವೀಣೆ, ದುಂಬಿಗಳನ್ನೂ ಹೆಸರಿಸಿದರೂ, ಅವೆಲ್ಲವನ್ನೂ ಮನಸ್ಸು ದಾಟಿ ಹೋಗಬೇಕೆನ್ನುತ್ತದೆ.

ಆಕ್ಷೇಪವನ್ನು ತಳ್ಳಿಹಾಕುವ ಬದಲು ವಾದ್ಯವನ್ನೇ ಇನ್ನೊಮ್ಮೆ ನೋಡುವುದು ಲೇಸು. ದಂಡಿಗೆಯ ಮೇಲೆ ಎಷ್ಟೇ ಹದವಾಗಿ ಬಿಗಿದ ತಂತಿಯಾದರೂ ಸೋರೆಬುರುಡೆಯಿಲ್ಲದೆ ನುಡಿದರೆ ಪಕ್ಕದಲ್ಲಿ ಕೂತವನಿಗೂ ಕೇಳುವುದು ಕಷ್ಟ. ಅತಿ ತೆಳುವಾದ ತಂತಿ ಗಾಳಿಯನ್ನು ಕದಲಿಸುವುದು ಅತ್ಯಲ್ಪ. ತಂತಿಯ ಕಂಪನ ಕುದುರೆಯಿಂದ ಬುರುಡೆಯ ಮೈಗಿಳಿದು, ಒಳಗಿನ ಪೊಳ್ಳಿನ ಗಾಳಿಯನ್ನು ಅಲುಗಿಸಿದಾಗ ಮಾತ್ರ ಅದು ನಾದವಾಗಿ ಅಂಗಳಕ್ಕೆ ಹರಡುತ್ತದೆ. ಸೋರೆಯನ್ನು ಒಣಗಿಸಿ, ತಿರುಳನ್ನೂ ಬೀಜವನ್ನೂ ಕೆರೆದು ತೆಗೆಯದಿದ್ದರೆ ಅದು ವಾದ್ಯವಾಗದು. ತಂತಿಗೆ ಬೇಕಾದುದು ಕಟ್ಟು, ಬುರುಡೆಗೆ ಬೇಕಾದುದು ಬಯಲು. ಒಂದರ ನಿಯಮವನ್ನು ಇನ್ನೊಂದಕ್ಕೆ ಹೇರಿದರೆ ವಾದ್ಯವೇ ಕೆಡುತ್ತದೆ. ಬಸವಣ್ಣನವರು ತಲೆಯನ್ನು ಸೋರೆಗೆ ಹೋಲಿಸಿರುವುದೂ, ಕನ್ನಡವು ಸೋರೆಗೂ ತಲೆಗೂ ‘ಬುರುಡೆ’ಯೆಂಬ ಒಂದೇ ಪದವನ್ನು ಬಳಸುವುದೂ ಈ ಬೆಳಕಿನಲ್ಲಿ ಅರ್ಥಪೂರ್ಣ: ಬಿಗಿಯಬೇಕಾದುದು ನಡತೆಯನ್ನು, ಬರಿದು ಮಾಡಬೇಕಾದುದು ತಲೆಯೊಳಗಿನ ‘ನಾನು’ ಎಂಬ ತಿರುಳನ್ನು. ಗೋರಕ್ಷನ ಕಟ್ಟು ಮತ್ತು ಅಲ್ಲಮನ ಬಯಲು ವಾದದಲ್ಲಿ ಎದುರಾಳಿಗಳಾಗಿ ನಿಂತರೂ ಜೋಗಿಯ ಕಿಂದರಿಯಲ್ಲಿ ಒಂದರ ಕೆಳಗೊಂದು ಕೂತಿವೆ. ವೈರಾಗ್ಯದ ಬಿಗಿತವಿದ್ದು ಒಳಗೆ ಅಹಂಕಾರ ತುಂಬಿಕೊಂಡವನ ಸ್ಥಿತಿ ಕೆರೆಯದ ಸೋರೆಗೆ ಕಟ್ಟಿದ ತಂತಿಯಂತೆ. ಎಲ್ಲವೂ ಶೂನ್ಯವೆಂದು ಹೇಳುತ್ತ ಯಾವ ಕಟ್ಟನ್ನೂ ಒಪ್ಪದವನ ಸ್ಥಿತಿ ತಂತಿಯಿಲ್ಲದ ಬುರುಡೆಯಂತೆ. ‘ಬುರುಡೆ ಬಿಡುವುದು’ ಎಂದರೆ ಬರೀ ಸುಳ್ಳು ಹೇಳುವುದೆಂದು ಆಡುಮಾತು ತೀರ್ಮಾನಿಸಿರುವುದು ಕಾಕತಾಳೀಯವಾಗಿದ್ದರೂ ಅನುಚಿತವಲ್ಲ.

1970ರ ದಶಕದ ಕೊನೆಯ ವೇಳೆಗೆ ಬೆಂಗಳೂರಿನಲ್ಲಿ ಸಿದ್ಧವಾದ ವಿದ್ಯುನ್ಮಾನ ತಂಬೂರಿ ಈ ಚರ್ಚೆಗೆ ಒಂದು ಕೊನೆಯ ಪರೀಕ್ಷೆಯನ್ನು ಒಡ್ಡುತ್ತದೆ. ತ್ವರೆಯ ಕಾಲಕ್ಕೆ ಅದು ಉಪಕಾರಿ, ಕಚೇರಿ ಮತ್ತು ಭಜನೆಗಳಿಗೆ ಅನುಕೂಲ; ಗುಂಡಿ ಒತ್ತಿದರೆ ಶ್ರುತಿ ಹೊರಡುತ್ತದೆ, ಸೆಖೆಗೂ ಚಳಿಗೂ ಇಳಿಯುವುದಿಲ್ಲ, ಏರುವುದಿಲ್ಲ. ಅದರಲ್ಲಿ ತಂತಿಯಿಲ್ಲ, ಬಿರಡೆಯಿಲ್ಲ, ಹರಿಯುವ ಭಯವಿಲ್ಲ. ಅದರಿಂದ ಸಂಗೀತಕ್ಕೆ ಆದ ನಷ್ಟವೆಷ್ಟು ಎಂಬುದು ಸಂಗೀತಗಾರರು ತೀರ್ಮಾನಿಸಬೇಕಾದ ವಿಷಯ. ತತ್ತ್ವದ ದೃಷ್ಟಿಯಿಂದ ಹೇಳಬಹುದಾದುದು ಇಷ್ಟೆ: ತಂತಿಯ ವಾದ್ಯದಲ್ಲಿ ಹಾಡಿಗೆ ಮೊದಲು ಕೇಳುವಿಕೆಯ ಒಂದು ಗಳಿಗೆ ಕಡ್ಡಾಯವಾಗಿತ್ತು, ಯಂತ್ರದಲ್ಲಿ ಅದು ಐಚ್ಛಿಕವಾಯಿತು. ಧರ್ಮಾಚರಣೆಯೂ ಇಳಿಯದ, ಏರದ, ತಿದ್ದಬೇಕಿಲ್ಲದ ಸಿದ್ಧಶ್ರುತಿಯಾಗಿ ಕೈಗೆ ಬಂದಾಗ ಇದೇ ಗಳಿಗೆಯೇ ಕಳೆದುಹೋಗುವುದು.

ಆದ್ದರಿಂದ ಬಂಧವು ಬಿಡುಗಡೆಯ ವೈರಿಯೋ ದಾರಿಯೋ ಎಂಬ ಪ್ರಶ್ನೆಗೆ ಒಟ್ಟಾರೆಯಾದ ಉತ್ತರವಿಲ್ಲ. ಪ್ರತಿಯೊಂದು ಕಟ್ಟನ್ನೂ ಮೂರು ಪರೀಕ್ಷೆಗಳಿಗೆ ಒಡ್ಡಿ ನೋಡಬೇಕು. ಅದು ಸುತ್ತೋ ಗಂಟೋ, ಅಂದರೆ ಸಡಿಲಿಸಬೇಕಾದಾಗ ಸಡಿಲುತ್ತದೆಯೋ ಇಲ್ಲವೋ; ಬಿಗಿಯುವ ಕೈಯ ಜೊತೆ ಕೇಳುವ ಕಿವಿಯಿದೆಯೋ ಇಲ್ಲವೋ; ಅದರ ಕೆಳಗೆ ಬರಿದಾದ ಬುರುಡೆಯಿದೆಯೋ ಇಲ್ಲವೋ. ಮೂರರಲ್ಲೂ ತೇರ್ಗಡೆಯಾದ ಕಟ್ಟು ದೀಕ್ಷೆ, ಒಂದರಲ್ಲಿ ಸೋತರೂ ಅದು ಪಾಶ. ಇಷ್ಟಾದರೂ, ಕಟ್ಟಿನಿಂದ ಬಿಡುಗಡೆಯಾದ ಮೇಲೆ ಕಟ್ಟೇ ಇರಲಿಲ್ಲವೆಂಬಂತೆ ಬದುಕಬಹುದೆಂದು ಯಾರೂ ಭಾವಿಸಬೇಕಿಲ್ಲ. ಸವೆದ ತಂತಿಯನ್ನು ತೆಗೆಯುವಾಗ ಅದನ್ನು ಬಿಗಿತದಲ್ಲೇ ಕತ್ತರಿಸದೆ, ಬಿರಡೆಯನ್ನು ಹಿಂದಕ್ಕೆ ತಿರುಗಿಸಿ, ಸುತ್ತು ಸುತ್ತಾಗಿ ಇಳಿಸಿ ಬಿಚ್ಚುವುದು ಸರಿಯಾದ ಕ್ರಮ. ಹಾಗೆ ನಿಧಾನವಾಗಿ ಬಿಚ್ಚಿ ನೆಲಕ್ಕಿಟ್ಟ ತಂತಿಯ ತುದಿಯಲ್ಲಿಯೂ ಬಿರಡೆಯ ಗಾತ್ರದ ಎರಡು ಮೂರು ಸುರುಳಿಗಳು ಹಾಗೆಯೇ ಉಳಿದಿರುತ್ತವೆ.